ಚೂರುಗಳ ಕೂಟ: ಕಂಪ್ಲಿ-ಹಂಪೆಯ ಸೀಮೆಯಲ್ಲಿ ಏಕಾಂತವಾಸವೂ ಕಲೆಯೂ

ಒಡೆದ ವಸ್ತುವನ್ನು ಮನೆಯಲ್ಲಿ ಇರಗೊಡಬಾರದೆಂಬುದು ನಮ್ಮ ಹಿರಿಯರ ಮಾತು. ಬಿರಿದ ಕನ್ನಡಿಯಲ್ಲಿ ಮುಖ ನೋಡಬಾರದು, ಒಡಕು ಮಡಕೆಯಲ್ಲಿ ನೀರು ತುಂಬಬಾರದು. ಆದರೆ ಇದೇ ಹಿರಿಯರು ಹರಿದ ಸೀರೆಯ ಸೆರಗನ್ನೂ, ಸವೆದ ಧೋತರದ ಅಂಚನ್ನೂ, ಕೂಸಿಗೆ ಚಿಕ್ಕದಾದ ಅಂಗಿಯ ತುಂಡನ್ನೂ ಎಸೆಯದೆ ಗಂಟು ಕಟ್ಟಿ ಅಟ್ಟದ ಮೇಲಿಡುತ್ತಿದ್ದರು. ಬೇಸಗೆಯ ಮಧ್ಯಾಹ್ನಗಳಲ್ಲಿ ಆ ಗಂಟು ಬಿಚ್ಚುತ್ತಿತ್ತು. ಪಡಸಾಲೆಯಲ್ಲಿ ಚೂರುಗಳು ಹರಡುತ್ತಿದ್ದುವು. ತಿಂಗಳೊಪ್ಪತ್ತಿನಲ್ಲಿ ಅವು ಕೂಡಿ ಒಂದು ಕೌದಿಯಾಗುತ್ತಿತ್ತು. ಆ ಕೌದಿಯನ್ನು ಹೊದ್ದು ಮಲಗಿದ ಮಗುವು ಒಂದೊಂದು ಚೌಕದ ಮೇಲೆ ಬೆರಳಿಟ್ಟು, “ಅವ್ವಾ, ಇದು ಯಾರದು? ಇದು ಯಾರದು?” ಎಂದು ಕೇಳುವುದೂ, ಅವ್ವನು ತೀರಿಹೋದ ಅಜ್ಜಿಯ ಹೆಸರನ್ನೂ ದೂರದೂರಿಗೆ ಕೊಟ್ಟ ಅತ್ತೆಯ ಹೆಸರನ್ನೂ ಹೇಳುವುದೂ ನಮ್ಮ ಕಡೆಯ ಮನೆಗಳಲ್ಲಿ ನಡೆಯುತ್ತಿದ್ದ ಮಾತು. ಕುಲದ ಇತಿಹಾಸವನ್ನು ನಾನು ಮೊದಲು ಓದಿದ್ದು ಯಾವ ಗ್ರಂಥದಲ್ಲಿಯೂ ಅಲ್ಲ, ಕೌದಿಯ ಮೇಲೆ.

ಚೂರನ್ನು ಚೂರಿನ ಪಕ್ಕದಲ್ಲಿ ಕೂರಿಸಿ ಚಿತ್ರವನ್ನು ಮಾಡುವ ಕಲೆಗೆ ಪಾಶ್ಚಾತ್ಯರು ಕೊಟ್ಟ ಮೊಸಾಯಿಕ್ ಎಂಬ ಹೆಸರು ಈಗ ಕನ್ನಡಿಗರಿಗೆಲ್ಲ ಪರಿಚಿತವಾಗಿದೆ. ನಮ್ಮ ಮನೆಗಳಲ್ಲಿ ಮೊಸಾಯಿಕ್ ಎಂದರೆ ಬಿಳಿಯ ಕಲ್ಲಿನ ಚೂರುಗಳನ್ನು ಸಿಮೆಂಟಿನಲ್ಲಿ ಕಲಸಿ ಹಾಸಿ, ಗಟ್ಟಿಯಾದ ಮೇಲೆ ನೀರು ಹನಿಸಿ ಉಜ್ಜಿ ನುಣುಪು ಮಾಡಿದ ನೆಲ. ಆದರೆ ಆ ಕಲೆಯ ವಂಶವು ಬಹಳ ಹಿರಿದು. ಅದನ್ನೂ, ಕಲಾವಿದರು ಮನೆಮಠಗಳನ್ನು ಬಿಟ್ಟು ಕೆಲಕಾಲ ಏಕಾಂತದಲ್ಲಿ ವಾಸಮಾಡಿ ಸ್ಫೂರ್ತಿಯನ್ನು ಪಡೆಯುವ ಪದ್ಧತಿಯನ್ನೂ ನಮ್ಮ ಸೀಮೆಯ ಇತಿಹಾಸದೊಡನೆ ಇಟ್ಟು ನೋಡಬೇಕೆಂಬುದು ಪ್ರಕೃತ ಲೇಖನದ ಉದ್ದೇಶ. ಇವೆರಡಕ್ಕೂ ಎಲ್ಲಿಯ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು, ಅದನ್ನು ಕ್ರಮವಾಗಿ ಹೇಳುವೆನು.

ಮೊದಲು ನೆಲದ ಮಾತು. ಕಂಪ್ಲಿ, ಹಂಪೆ, ಹೊಸಪೇಟೆ, ಸಂಡೂರು, ಹೊಳೆಯಾಚೆಯ ಆನೆಗೊಂದಿ, ಇವೆಲ್ಲ ಒಂದೇ ತುಂಗಭದ್ರೆಯ ನೀರನ್ನೂ ಒಂದೇ ಬಗೆಯ ಗುಂಡುಗಲ್ಲಿನ ಬೆಟ್ಟಗಳನ್ನೂ ಹಂಚಿಕೊಂಡ ಊರುಗಳು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದ ಮೇಲೆ ಹಂಪೆಯೂ ಹೊಸಪೇಟೆಯೂ ಆ ಜಿಲ್ಲೆಗೆ ಸೇರಿದುವು, ಕಂಪ್ಲಿಯೂ ಸಂಡೂರೂ ಬಳ್ಳಾರಿಯಲ್ಲಿ ಉಳಿದುವು, ಆನೆಗೊಂದಿಯು ಕೊಪ್ಪಳದಲ್ಲಿದೆ. ಆಡಳಿತದ ಅನುಕೂಲಕ್ಕಾಗಿ ಮಾಡಿದ ಈ ವಿಭಾಗವನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಇತಿಹಾಸವನ್ನು ಓದುವವನು ಮಾತ್ರ ಈ ಚೂರುಗಳನ್ನು ಮತ್ತೆ ಪಕ್ಕಪಕ್ಕದಲ್ಲಿಟ್ಟುಕೊಂಡೇ ಓದಬೇಕಾಗುವುದು.

ಈ ಸೀಮೆಗೆ ಏಕಾಂತವನ್ನು ಅರಸಿ ಬಂದ ಕವಿಗಳಲ್ಲಿ ಮೊದಲು ನೆನೆಯತಕ್ಕವನು ಹರಿಹರ. ದೋರಸಮುದ್ರದ ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿ ಲೆಕ್ಕವನ್ನು ಬರೆಯುತ್ತಿದ್ದ ಆತನು ಆ ವೃತ್ತಿಯನ್ನು ಬಿಟ್ಟು ಹಂಪೆಗೆ ಬಂದು ವಿರೂಪಾಕ್ಷನ ಸನ್ನಿಧಿಯಲ್ಲಿ ನಿಂತನೆಂಬುದು ಪರಂಪರೆಯ ಮಾತು. ವಿಜಯನಗರವು ಹುಟ್ಟುವುದಕ್ಕೆ ನೂರು ವರ್ಷಗಳಿಗೂ ಹಿಂದಿನ ಹಂಪೆ ಅದು. ಹೊಳೆ, ಬಂಡೆ, ತೀರ್ಥ, ಗುಡಿ, ಇಷ್ಟೇ. ಅಲ್ಲಿ ಕುಳಿತು ಆತನು ಗಿರಿಜಾಕಲ್ಯಾಣವನ್ನು ಬರೆದನು. ಶಿವಶರಣರ ಕಥೆಗಳನ್ನು ರಗಳೆಗಳಲ್ಲಿ ಹೇಳಿದನು. ಗಿರಿಜಾಕಲ್ಯಾಣವು ಹಳೆಯ ಚಂಪೂಮಾರ್ಗದ್ದು. ರಗಳೆಗಳಾದರೋ ಕನ್ನಡಕ್ಕೆ ಹೊಸ ದಾರಿ. ಚಂಪುವಿನಲ್ಲಿ ಅಲ್ಲಲ್ಲಿ ಚದರಿದ್ದ ಛಂದಸ್ಸಿನ ಒಂದು ತುಣುಕನ್ನು ಎತ್ತಿಕೊಂಡು ಅದರಿಂದಲೇ ಇಡೀ ಕಥೆಯನ್ನು ಕಟ್ಟಬಹುದೆಂದು ಆತನು ತೋರಿಸಿದನು. ಊರಿನ ಗದ್ದಲದಲ್ಲಿ, ದೊರೆಯ ಮೆಚ್ಚುಗೆಯ ಹಂಗಿನಲ್ಲಿ ಈ ಧೈರ್ಯವು ಹುಟ್ಟುತ್ತಿತ್ತೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಆದರೆ ಏಕಾಂತವೆಂದರೆ ಸುಖವಾಸವೆಂದು ತಿಳಿಯಬಾರದು. ಹರಿಹರನ ಸೋದರಳಿಯನಾದ ರಾಘವಾಂಕನು ಹರಿಶ್ಚಂದ್ರನ ಕಥೆಯನ್ನು ಕಾವ್ಯವಾಗಿ ಮಾಡಿ ತಂದಾಗ, ಮಾನವನನ್ನು ಸ್ತುತಿಸಿದನೆಂದು ಮಾವನು ಕನಲಿ ಹೊಡೆಯಲು ಆತನ ಹಲ್ಲುಗಳು ಉದುರಿದುವೆಂದೂ, ಶಿವಭಕ್ತರ ಕಾವ್ಯಗಳನ್ನು ಬರೆದ ಮೇಲೆ ಅವು ಮರಳಿ ಬಂದುವೆಂದೂ ಐತಿಹ್ಯವುಂಟು. ಕಥೆಯ ಸತ್ಯಾಸತ್ಯಗಳನ್ನು ಬಿಡೋಣ. ಏಕಾಂತದಲ್ಲಿ ಬಾಳುವವರ ನಿಷ್ಠೆಯು ಎಷ್ಟು ಕಠೋರವಾಗಬಲ್ಲುದು, ಮತ್ತು ನಮ್ಮ ಜನರು ಯಾವ ಕಾವ್ಯವನ್ನು ಕವಿಯ ಹಲ್ಲುದುರಿದರೂ ಉಳಿಸಿಕೊಂಡರು ಎಂಬೆರಡೂ ಆ ಐತಿಹ್ಯದಲ್ಲಿ ಅಡಗಿವೆ. ಮುಂದೆ ಸಿರಿಯನ್ನು ತೊರೆದು ಬಂದ ಪುರಂದರದಾಸರೂ ಇದೇ ಹೊಳೆಯ ದಂಡೆಯಲ್ಲಿ ಹಾಡಿದರು. ವಿಠಲ ದೇವಾಲಯಕ್ಕೆ ಅನತಿದೂರದಲ್ಲಿ ನೀರಂಚಿನಲ್ಲಿರುವ ಮಂಟಪವು ಇಂದಿಗೂ ಅವರ ಹೆಸರಿನದು.

ಇನ್ನು ನಮ್ಮ ಕಂಪ್ಲಿ. ಈ ಊರಿನ ಇತಿಹಾಸವು ಅಖಂಡವಾದ ಪಟವಾಗಿ ನಮಗೆ ಸಿಕ್ಕಿಲ್ಲ, ಚೂರುಚೂರಾಗಿಯೇ ಸಿಕ್ಕಿದೆ. ಹನ್ನೊಂದನೆಯ ಶತಮಾನದಲ್ಲಿ ಕಂಪಿಲಿಯಲ್ಲಿದ್ದ ಚಾಲುಕ್ಯರ ಅರಮನೆಯನ್ನು ಹಾಳುಗೆಡವಿದೆನೆಂದು ರಾಜಾಧಿರಾಜ ಚೋಳನ ಶಾಸನಗಳು ಕೊಚ್ಚಿಕೊಳ್ಳುವುವು. ಅರಮನೆಯೊಂದು ಇಲ್ಲಿತ್ತೆಂಬುದನ್ನು ಅದನ್ನು ಕೆಡವಿದವನ ಬಾಯಿಂದ ನಾವು ಕೇಳಬೇಕಾಗಿರುವುದು ವಿಧಿಯ ವಿನೋದ. ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಕಂಪಿಲದೇವನು ಇಲ್ಲಿ ರಾಜ್ಯವಾಳಿದನು. ದೆಹಲಿಯ ಮುಹಮ್ಮದ್ ಬಿನ್ ತುಘಲಕನಿಗೆ ತಿರುಗಿಬಿದ್ದ ಬಹಾಉದ್ದೀನ್ ಗುರ್ಶಾಸ್ಪನು ಓಡಿಬಂದು ಮರೆಹೊಕ್ಕಾಗ ಕಂಪಿಲದೇವನು ಅವನನ್ನು ಬಿಟ್ಟುಕೊಡಲಿಲ್ಲ. ೧೩೨೭ರ ಹೊತ್ತಿಗೆ ದೆಹಲಿಯ ದಂಡಿನಿಂದ ರಾಜ್ಯವು ಅಳಿಯಿತು; ಹೆಂಗಸರು ಬೆಂಕಿಗೆ ಬಿದ್ದರು; ದೊರೆಯು ಕಾದಿ ಮಡಿದನು.

ಈ ವೃತ್ತಾಂತವನ್ನು ನಮಗೆ ಹೇಳಿದವರು ಯಾರು ಯಾರು? ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತನು ಆ ಶತಮಾನದಲ್ಲಿಯೇ ಹೇಳಿದನು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ನೂನಿಜನು ಕೇಳಿದ್ದನ್ನು ಕೇಳಿದಂತೆ ಬರೆದು ಕಥೆಯನ್ನು ಆನೆಗೊಂದಿಗೆ ಸಾಗಿಸಿದನು. ಅದೇ ಶತಮಾನದಲ್ಲಿ ನಂಜುಂಡಕವಿಯು ರಾಜಪುತ್ರನಾದ ಕುಮಾರರಾಮನನ್ನು ನಾಯಕನನ್ನಾಗಿ ಮಾಡಿ ಸಾಂಗತ್ಯದಲ್ಲಿ ಹಾಡಿದನು. ಗ್ರಂಥಸ್ಥವಲ್ಲದ ಕಥೆಯು ಜನಪದ ಗಾಯಕರ ಕಂಠದಲ್ಲಿ ಬಾಳಿತು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥೆಯ ಈರಮ್ಮನವರು ಓದುಬರಹವಿಲ್ಲದೆಯೇ ಕುಮಾರರಾಮನ ಕಥೆಯನ್ನೂ ಇತರ ದೀರ್ಘ ಕಥೆಗಳನ್ನೂ ನೆನಪಿನಿಂದ ಹಾಡುತ್ತಿದ್ದರು. ಅವರು ೨೦೧೪ರಲ್ಲಿ ತೀರಿಕೊಂಡರು. ಶಾಸನದ ಚೂರೊಂದು ಕರಿಯದು, ಪ್ರವಾಸಿಯ ಚೂರೊಂದು ಬಿಳಿಯದು, ಈರಮ್ಮನವರ ಚೂರೊಂದು ಕೆಂಪು. ಒಂದನ್ನು ಇನ್ನೊಂದಕ್ಕೆ ತಕ್ಕಂತೆ ಉಜ್ಜಿ ಬಣ್ಣ ಕೆಡಿಸದೆ, ಒಂದರ ಪಕ್ಕದಲ್ಲಿ ಒಂದನ್ನು ಇಡುವುದೇ ಇತಿಹಾಸಕಾರನ ಕೆಲಸ. ನಡುವೆ ಸಂದು ಕಾಣುವುದು, ಕಾಣಲಿ. ಸಂದನ್ನು ಮುಚ್ಚಿದ ಇತಿಹಾಸಕ್ಕಿಂತ ಸಂದು ತೋರುವ ಇತಿಹಾಸವು ಪ್ರಾಮಾಣಿಕವಾದುದು.

ಈಗ ಚೂರುಗಲ್ಲಿನ ಕಲೆಯ ಕಡೆಗೆ ತಿರುಗೋಣ. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಸುಮೇರ್ ದೇಶದ ಉರುಕ್ ನಗರದಲ್ಲಿ ಮಣ್ಣಿನ ಸಣ್ಣ ಮೊಳೆಗಳನ್ನು ಸುಟ್ಟು, ತಲೆಗೆ ಕೆಂಪು, ಕಪ್ಪು, ಬಿಳಿಯ ಬಣ್ಣಗಳನ್ನು ಕೊಟ್ಟು, ಹಸಿಯ ಗೋಡೆಯಲ್ಲಿ ಒತ್ತಿ ಚಾಪೆಯಂಥ ಚಿತ್ತಾರಗಳನ್ನು ಮಾಡಿದರು. ಗ್ರೀಕರೂ ರೋಮನರೂ ನೆಲಕ್ಕೆ ಕಲ್ಲಿನ ಚೌಕಗಳನ್ನು ಕೂರಿಸಿದರು. ಐದನೆಯ ಶತಮಾನದಲ್ಲಿ ಇಟಲಿಯ ರವೆನ್ನಾ ನಗರದಲ್ಲಿ ಗಾಲಾ ಪ್ಲಾಸಿಡಿಯಾಳ ಹೆಸರಿನ ಸ್ಮಾರಕದ ಒಳಮಾಳಿಗೆಯನ್ನು ಗಾಜಿನ ಚೂರುಗಳಿಂದ ನಕ್ಷತ್ರಗಳು ತುಂಬಿದ ಕಡುನೀಲಿಯ ಆಕಾಶವನ್ನಾಗಿ ಮಾಡಿದರು. ಆ ಕಾಲದ ಕುಶಲಿಗಳು ಒಂದು ಗುಟ್ಟನ್ನು ಅರಿತಿದ್ದರು. ಚೂರುಗಳನ್ನೆಲ್ಲ ಒಂದೇ ಮಟ್ಟಕ್ಕೆ ಕೂರಿಸಿದರೆ ಗೋಡೆಯು ತಟಸ್ಥವಾಗಿ ಕಾಣುವುದು. ಒಂದೊಂದನ್ನೂ ಅಷ್ಟಿಷ್ಟು ಓರೆಮಾಡಿ ಕೂರಿಸಿದರೆ ದೀಪದ ಬೆಳಕು ಒಂದೊಂದರಿಂದ ಒಂದೊಂದು ದಿಕ್ಕಿಗೆ ಚಿಮ್ಮಿ ನೋಡುವವನು ನಡೆದಂತೆಲ್ಲ ಚಿತ್ರವೂ ಮಿಸುಕುವುದು.

ಇಷ್ಟು ದೂರ ಹೋಗಬೇಕಾದುದಿಲ್ಲ, ಕರ್ಣಾಟಕದಲ್ಲಿಯೇ ಬೀದರವುಂಟು. ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗಾವಾನನು ೧೪೭೨ರಲ್ಲಿ ಅಲ್ಲಿ ಮೂರಂತಸ್ತಿನ ಮದ್ರಸಾ ಒಂದನ್ನು ಕಟ್ಟಿಸಿದನು. ಇರಾನದ ಗೀಲಾನ್ ಸೀಮೆಯಿಂದ ಬಂದ ಆತನು ತನ್ನ ದೇಶದ ಕುಸುರಿಯನ್ನು ನಮ್ಮ ಕೆಮ್ಮಣ್ಣಿನ ನಾಡಿಗೆ ತಂದನು. ಬಿಲ್ಲೆಯ ಚಿತ್ತಾರದ ಕ್ರಮವೇನೆಂದರೆ: ಒಂದೊಂದು ಬಣ್ಣದ ಬಿಲ್ಲೆಯನ್ನೂ ಬೇರೆ ಬೇರೆಯಾಗಿ ಸುಡುವರು. ಕಡುನೀಲಿಗೆ ಕೋಬಾಲ್ಟ್, ಹಸುರು-ನೀಲಿಗೆ ತಾಮ್ರ, ಬಿಳಿಗೆ ತವರ; ಒಂದೊಂದಕ್ಕೆ ಒಲೆಯ ಕಾವು ಒಂದೊಂದು ಹದ. ಎಲ್ಲ ಬಣ್ಣಗಳನ್ನೂ ಒಂದೇ ಬಿಲ್ಲೆಯ ಮೇಲೆ ಬಳಿದು ಒಮ್ಮೆಗೇ ಸುಟ್ಟರೆ ಒಂದು ಕರಕಾಗಿ ಇನ್ನೊಂದು ಹಸಿಯಾಗಿ ಉಳಿಯುವುದುಂಟು. ಆದಕಾರಣ ಬೇರೆ ಬೇರೆಯಾಗಿ ಸುಟ್ಟು, ಉಳಿಯಿಂದ ಬೇಕಾದ ಆಕಾರಕ್ಕೆ ಕಡಿದು, ಮುಖ ಕೆಳಗಾಗಿ ಜೋಡಿಸಿ, ಬೆನ್ನಿನ ಮೇಲೆ ಗಾರೆ ಹೊಯ್ದು, ಒಣಗಿದ ಮೇಲೆ ಗೋಡೆಗೆ ಎತ್ತಿ ನಿಲ್ಲಿಸುವರು. ತನ್ನ ತನ್ನ ಹದದಲ್ಲಿ ಬೆಂದ ಚೂರುಗಳು ಒಂದೆಡೆ ಕೂಡಿದಾಗಲೇ ಬಣ್ಣವು ಪೂರ್ಣವಾಗಿ ಅರಳುವುದು. ಕುಶಲಿಯು ಮುಖವನ್ನು ಕಾಣದೆ ಬೆನ್ನನ್ನು ಮಾತ್ರ ಕಾಣುತ್ತ ಕೆಲಸಮಾಡಬೇಕೆಂಬುದೂ ಇಲ್ಲಿಯ ವಿಶೇಷ.

ಗಾವಾನನನ್ನು ೧೪೮೧ರಲ್ಲಿ ಆತನ ಸುಲ್ತಾನನೇ ಕೊಲ್ಲಿಸಿದನು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮದ್ರಸಾದಲ್ಲಿ ಕೂಡಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೂ ಒಂದು ಮಿನಾರವೂ ಹಾರಿಹೋದುವು. ಉಳಿದ ಮಿನಾರದ ಮೇಲೆ ಬಿಲ್ಲೆಗಳ ಅಂಕುಡೊಂಕು ಸಾಲುಗಳು ಇಂದಿಗೂ ಅಲ್ಲಲ್ಲಿ ಹೊಳೆಯುವುವು. ಅದೇ ಊರಿನ ಕೋಟೆಯೊಳಗೆ ಅಲೀ ಬರೀದನು ಹದಿನಾರನೆಯ ಶತಮಾನದಲ್ಲಿ ಅಲಂಕರಿಸಿದ ರಂಗೀನ್ ಮಹಲಿನಲ್ಲಿ ಕರಿಯ ಕಲ್ಲನ್ನು ಕೊರೆದು ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿದ್ದಾರೆ. ಅದೇ ಬುದ್ಧಿಯು ಲೋಹಕ್ಕೆ ಇಳಿದು, ಕರಿಯ ಲೋಹದಲ್ಲಿ ಬೆಳ್ಳಿಯನ್ನು ಕೂರಿಸುವ ಬಿದ್ರಿಯ ಕೆಲಸವಾಗಿ ಮನೆಮನೆಗೂ ಬಂದಿತು.

ಹಂಪೆಯಲ್ಲಿಯೂ ಇಂಥ ಕೆಲಸವುಂಟಾಗಿತ್ತೆ? ೧೫೨೦ರ ಸುಮಾರಿಗೆ ಕೃಷ್ಣದೇವರಾಯನ ಅರಮನೆಯನ್ನು ಕಂಡ ಪೋರ್ಚುಗೀಸರ ಡೊಮಿಂಗೊ ಪಾಯಸನು ಮೇಲಿನಿಂದ ಕೆಳಗಿನವರೆಗೆ ದಂತದಿಂದಲೇ ಮಾಡಿದ ಒಂದು ಕೋಣೆಯನ್ನು ವರ್ಣಿಸಿರುವನು. ಅಡ್ಡತೊಲೆಗಳ ಕಂಬಗಳ ಮೇಲೆ ಗುಲಾಬಿಯೂ ತಾವರೆಯೂ ದಂತದಲ್ಲಿ ಅರಳಿದ್ದುವಂತೆ. ೧೫೬೫ರ ರಕ್ಕಸತಂಗಡಿಯ ಯುದ್ಧದ ಬಳಿಕ ಆ ಕೋಣೆಯೂ ಇಲ್ಲ, ದಂತವೂ ಇಲ್ಲ; ಪಾಯಸನ ಮಾತು ಮಾತ್ರ ಉಳಿಯಿತು. ಕೃಷ್ಣದೇವಾಲಯದ ಗೋಪುರದ ಮೇಲಿನ ಗಾರೆಯ ಯೋಧರು ಅರೆಬರೆಯಾಗಿ ನಿಂತಿದ್ದಾರೆ. ಉತ್ಖನನ ನಡೆದಲ್ಲಿ ಚೀನ ದೇಶದ ಪಿಂಗಾಣಿಯ ನೀಲಿ-ಬಿಳಿ ಚೂರುಗಳು ಮಣ್ಣಿನಿಂದ ಎದ್ದು ಬಂದುವು. ಕಡಲಾಚೆಯ ವ್ಯಾಪಾರವು ಹಂಪೆಯ ಶ್ರೀಮಂತರ ಊಟದ ಮನೆಯವರೆಗೆ ಬಂದಿತ್ತೆಂಬುದಕ್ಕೆ ಆ ಚೂರುಗಳೇ ಸಾಕ್ಷಿ.

ಇಂಥದೊಂದು ಚೂರಿನ ವಿಷಯದಲ್ಲಿ ನನ್ನದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಬಾಲ್ಯದಲ್ಲಿ ಹಂಪೆಯ ಜಾತ್ರೆಗೆಂದು ಕಂಪ್ಲಿಯಿಂದ ಬಂಡಿಯಲ್ಲಿ ಹೋಗಿದ್ದಾಗ, ದಾರಿಯ ಪಕ್ಕದ ಹೊಲದಲ್ಲಿ ಮಳೆಗೆ ತೊಳೆದು ಮೇಲೆದ್ದಿದ್ದ ಒಂದು ಪಿಂಗಾಣಿಯ ಚೂರು ನನ್ನ ಕಣ್ಣಿಗೆ ಬಿದ್ದಿತು. ಹೆಬ್ಬೆರಳಿನಷ್ಟು ಅಗಲ, ಬಿಳಿಯ ಮೇಲೆ ನೀಲಿಯ ಒಂದು ಎಲೆ, ಅರ್ಧ ಹೂ. ಅಂಗಿಯ ಜೇಬಿಗೆ ಹಾಕಿಕೊಂಡೆನು. ಮನೆಯಲ್ಲಿ ಅವ್ವನು ನೋಡಿ, “ಒಡಕು ಮನೆಗೆ ತರಬ್ಯಾಡಂತ ಹೇಳಿಲ್ಲೇನು? ಎಲ್ಲಿಂದ ತಂದಿ, ಅಲ್ಲೇ ಹಾಕಿ ಬಾ” ಎಂದಳು. ನಾನು ಹಾಕಲಿಲ್ಲ. ಸೀಸದಕಡ್ಡಿಯ ಡಬ್ಬಿಯಲ್ಲಿ ಅದನ್ನು ಬಚ್ಚಿಟ್ಟು ಬೆಳೆದೆನು. ವಿದ್ಯಾಭ್ಯಾಸ ಮುಗಿದು ಇತಿಹಾಸದ ಗೀಳು ಹಿಡಿದ ಮೇಲೆ ಒಮ್ಮೆ ಹಂಪೆಯಲ್ಲಿ ಹಳೆಯ ಗೋಡೆಗಳ ಅಳತೆಯಲ್ಲಿ ತೊಡಗಿದ್ದ ಒಬ್ಬ ತರುಣನಿಗೆ ಅದನ್ನು ಹೆಮ್ಮೆಯಿಂದ ತೋರಿಸಿದೆನು. ಆತನು ಅದನ್ನು ತಿರುವಿ ನೋಡಿ ಒಂದೇ ಪ್ರಶ್ನೆ ಕೇಳಿದನು: “ಎಲ್ಲಿ ಸಿಕ್ಕಿತು?” ಯಾವ ಹೊಲ, ಯಾವ ಗೋಡೆಯ ಬದಿ, ಎಷ್ಟು ಆಳ, ಸುತ್ತ ಇನ್ನೇನಿತ್ತು, ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಆತನು ಚೂರನ್ನು ಮೆಲ್ಲನೆ ನನ್ನ ಅಂಗೈಯಲ್ಲಿಟ್ಟು, “ಚೆನ್ನಾಗಿದೆ” ಎಂದನು. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. ಚೂರು ನನ್ನಲ್ಲಿತ್ತು, ಅದು ಹೇಳಬಹುದಾಗಿದ್ದ ಮಾತನ್ನು ನಾನು ಆ ಹೊಲದಲ್ಲಿಯೇ ಬಿಟ್ಟು ಬಂದಿದ್ದೆನು. ಆ ಬಳಿಕ ಚೂರನ್ನು ಒಪ್ಪಿಸಬೇಕಾದಲ್ಲಿಗೆ ಒಪ್ಪಿಸಿದೆನು. ಅದರ ಸ್ಥಳವನ್ನು ಮಾತ್ರ ಒಪ್ಪಿಸಲಾಗಲಿಲ್ಲ. ಅವ್ವನ ಮಾತಿನಲ್ಲಿ ಮೂಢನಂಬಿಕೆಯಿತ್ತೆಂದು ತಿಳಿದಿದ್ದೆನು. ಪುರಾತತ್ತ್ವದ ಮೊದಲ ಪಾಠವೇ ಅದರಲ್ಲಿತ್ತು.

ಆ ತರುಣನಂಥವರ ಕೆಲಸವೇ ನಮ್ಮ ಕಾಲದ ಏಕಾಂತವಾಸದ ಒಳ್ಳೆಯ ಮಾದರಿ. ೧೭೯೯ರಲ್ಲಿ ಕಾಲಿನ್ ಮೆಕೆಂಜಿಯು ಹಂಪೆಯ ಮೊದಲ ನಕ್ಷೆಯನ್ನು ತೆಗೆಯಿಸಿದನು. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಮೇಣ ಸವರಿದ ಕಾಗದದ ಮೇಲೆ ಇಲ್ಲಿಯ ಗುಡಿಗೋಪುರಗಳ ಛಾಯಾಚಿತ್ರಗಳನ್ನು ತೆಗೆದನು. ೧೯೦೫ರಲ್ಲಿ ಹಂಪೆಯ ಹಾಳನ್ನು ಕಂಡ ಆಲೂರ ವೆಂಕಟರಾಯರ ಮನಸ್ಸಿನಲ್ಲಿ ಎದ್ದ ತಳಮಳವು ಮುಂದೆ ೧೯೧೭ರ ‘ಕರ್ಣಾಟಕ ಗತವೈಭವ’ವಾಗಿ ಹೊರಬಂದು ಏಕೀಕರಣಕ್ಕೆ ದಾರಿಮಾಡಿತು. ಚದರಿಹೋದ ಕನ್ನಡ ಸೀಮೆಗಳನ್ನು ಒಂದುಗೂಡಿಸಬೇಕೆಂಬ ಆಸೆಯು ಚದರಿಬಿದ್ದ ಕಲ್ಲುಗಳ ನಡುವೆ ಬಲಿತುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ೧೯೮೦ರಿಂದ ಸುಮಾರು ಎರಡು ದಶಕಗಳ ಕಾಲ ಜಾನ್ ಫ್ರಿಟ್ಸ್, ಜಾರ್ಜ್ ಮಿಚೆಲ್ ಎಂಬ ವಿದ್ವಾಂಸರು ಪ್ರತಿ ಚಳಿಗಾಲವೂ ಇಲ್ಲಿ ಬಿಡಾರ ಹೂಡಿ, ದೇಶವಿದೇಶಗಳ ವಾಸ್ತುವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಒಂದೊಂದು ಕಟ್ಟಡವನ್ನೂ ಅಳೆದು ಬರೆದರು. ಅರಸಿನ ಅರಮನೆಯಷ್ಟೇ ಶ್ರದ್ಧೆಯಿಂದ ಹೆಸರಿಲ್ಲದ ಮಂಟಪದ ತಳವನ್ನೂ ಅಳೆದ ಕೆಲಸವದು. ೧೯೯೧ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವೂ ಪೇಟೆಯ ಗದ್ದಲದಿಂದ ದೂರವಾಗಿ ಕಮಲಾಪುರದ ಬಳಿಯ ಬಯಲಿನಲ್ಲಿಯೇ ನೆಲೆಸಿತು. ಆನೆಗೊಂದಿಯಲ್ಲಿ ೧೯೯೭ರಿಂದ ಕಿಷ್ಕಿಂಧಾ ಟ್ರಸ್ಟ್ ಎಂಬ ಸಂಸ್ಥೆಯು ಬಾಳೆಯ ನಾರಿನಂಥ ಎಸೆಯುವ ವಸ್ತುವಿನಿಂದ ಊರಿನ ಹೆಂಗಸರ ಕೈಗೆ ಕಸುಬನ್ನು ಕೊಟ್ಟಿತು.

ಏಕಾಂತಕ್ಕೂ ಚೂರಿನ ಕಲೆಗೂ ಇರುವ ನಂಟನ್ನು ತೋರುವ ಉದಾಹರಣೆಯೊಂದು ಚಂಡೀಗಢದಲ್ಲಿದೆ. ರಸ್ತೆಯ ಕೆಲಸದ ಮೇಲ್ವಿಚಾರಕನಾಗಿದ್ದ ನೇಕ್ ಚಂದನು ೧೯೫೭ರ ಸುಮಾರಿನಿಂದ, ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಒಡಕು ಬಿಲ್ಲೆ, ಪಿಂಗಾಣಿ, ಬಳೆಗಳ ಚೂರುಗಳನ್ನು ಹೊತ್ತು ತಂದು, ಕಾಡಿನ ಒಂದು ಕಣಿವೆಯಲ್ಲಿ ಯಾರಿಗೂ ತಿಳಿಯದಂತೆ ಬೊಂಬೆಗಳನ್ನೂ ಗೋಡೆಗಳನ್ನೂ ಮಾಡುತ್ತ ಹೋದನು. ಸರಕಾರದ ನೆಲದಲ್ಲಿ ಅಪ್ಪಣೆಯಿಲ್ಲದೆ ಮಾಡಿದ ಆ ಕೆಲಸವು ಬಯಲಾದಾಗ ಅದನ್ನು ಕೆಡಹುವ ಮಾತೂ ಬಂದಿತು. ಜನರ ಮೆಚ್ಚುಗೆಯು ಅದನ್ನು ಉಳಿಸಿತು. ೧೯೭೬ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಹಗಲು ಸಂಬಳದ ದುಡಿಮೆ, ಮಿಕ್ಕ ಹೊತ್ತಿನಲ್ಲಿ ಕಣಿವೆ. ಅವನ ಏಕಾಂತವಾಸವು ಅಷ್ಟರಲ್ಲಿಯೇ ನಡೆಯಿತು. ಸ್ಫೂರ್ತಿಗೆ ಪರ್ವತಶಿಖರವೇ ಬೇಕೆಂಬುದಿಲ್ಲ. ನಮ್ಮ ವೆಂಕಟಪ್ಪನವರು ನೀಲಗಿರಿಯ ಉದಕಮಂಡಲದಲ್ಲಿ ನಿಂತು ಮಂಜಿನ ಬೆಟ್ಟಗಳನ್ನು ಬರೆದುದೂ ಸತ್ಯವೇ. ಆದರೆ ಅವರ ಚಿತ್ರಗಳಲ್ಲಿ ನಾವು ಕಾಣುವುದು ಬೆಟ್ಟವನ್ನು ಮಾತ್ರವಲ್ಲ, ಕದಲದೆ ಕುಳಿತು ನೋಡಿದ ಕಣ್ಣನ್ನು.

ಕೊನೆಯದಾಗಿ, ಮತ್ತು ಮುಖ್ಯವಾಗಿ, ಸಂಡೂರಿನ ಮಾತು. ನಮ್ಮ ಸೀಮೆಯ ಜೀವಂತವಾದ ಚೂರಿನ ಕಲೆಯು ಇರುವುದು ಕಲ್ಲಿನಲ್ಲಿ ಅಲ್ಲ. ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಉಡುಪಿನಲ್ಲಿ. ಲಂಬಾಣಿಗರು ಒಂದು ಕಾಲದಲ್ಲಿ ಎತ್ತುಗಳ ಬೆನ್ನಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದೇಶವನ್ನೆಲ್ಲ ಸುತ್ತುತ್ತಿದ್ದವರು. ದಂಡುಗಳಿಗೆ ದವಸವನ್ನು ಒದಗಿಸಿದವರು. ಹತ್ತೊಂಬತ್ತನೆಯ ಶತಮಾನದಲ್ಲಿ ರಸ್ತೆಗಳೂ ರೈಲೂ ಬಂದು ಆ ವ್ಯಾಪಾರವು ಮುರಿಯಿತು. ೧೮೭೧ರ ಅಪರಾಧಿ ಬುಡಕಟ್ಟುಗಳ ಕಾನೂನಿನ ಕಳಂಕವೂ ಇಂಥ ಅಲೆಮಾರಿಗಳನ್ನು ತಟ್ಟಿತು. ಆದರೆ ಫೇಟಿಯಾ ಎಂಬ ಲಂಗದ ಮೇಲೆ, ಕಾಂಚಳಿ ಎಂಬ ರವಿಕೆಯ ಮೇಲೆ ಅವರು ತಮ್ಮ ಪ್ರಯಾಣವನ್ನೆಲ್ಲ ಹೊಲಿದಿಟ್ಟರು. ಕನ್ನಡಿಯ ಚೂರು, ಬಣ್ಣದ ಬಟ್ಟೆಯ ತುಂಡು, ಕವಡೆ, ಹಳೆಯ ನಾಣ್ಯ, ಎಲ್ಲವೂ ದಾರದ ಕಟ್ಟಿನೊಳಗೆ ಕೂತಿವೆ. ಕವಡೆಯು ಒಂದು ಕಾಲದ ಹಣ, ನಾಣ್ಯವೂ ಹಣವೇ. ಪೇಟೆಯಲ್ಲಿ ಚಲಾವಣೆ ತಪ್ಪಿದ ಹಣವು ಇವರ ಮೈಮೇಲೆ ಬೆಲೆಯುಳ್ಳದ್ದಾಯಿತು. ಕನ್ನಡಿಯ ಚೂರಿಗೆ ತೂತು ಮಾಡುವಂತಿಲ್ಲ. ಸುತ್ತಲೂ ದಾರವನ್ನು ಅಡ್ಡಡ್ಡ ಎಳೆದು, ಆ ದಾರಕ್ಕೇ ಮತ್ತೆ ಹೊಲಿಗೆ ಹಾಕಿ, ಅಂಚನ್ನು ಬಿಗಿದು ಹಿಡಿಯಬೇಕು. ರವೆನ್ನಾದ ಕುಶಲಿಯು ಗಾಜನ್ನು ಓರೆಮಾಡಿ ಸಾಧಿಸಿದುದನ್ನು ಈ ಹೆಂಗಸು ನಡೆಯುವಾಗ ಅವಳ ಲಂಗದ ನೆರಿಗೆಯು ತಾನಾಗಿಯೇ ಸಾಧಿಸುವುದು.

ಹೊಲದ ಕೂಲಿ, ಗಣಿಯ ಕೂಲಿ, ಕಬ್ಬು ಕಡಿಯುವ ವಲಸೆಗಳ ನಡುವೆ ಆ ಉಡುಪು ಹಿರಿಯ ಹೆಂಗಸರ ಮೈಮೇಲಷ್ಟೇ ಉಳಿಯುತ್ತ ಬಂದು, ಕಸುಬೂ ಅವರೊಡನೆ ಹೋಗುವಂತಿತ್ತು. ೧೯೮೦ರ ದಶಕದಲ್ಲಿ ತಲೆಯೆತ್ತಿದ ಸಂಡೂರು ಕುಶಲ ಕಲಾ ಕೇಂದ್ರವು ಈ ಕೈಗಳನ್ನು ಒಂದು ಸೂರಿನಡಿ ಕೂಡಿಸಿತು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆಯು ದೊರೆಯಿತು. ೨೦೨೩ರ ಜುಲೈಯಲ್ಲಿ ಹಂಪೆಯಲ್ಲಿ ಜಿ-೨೦ ರಾಷ್ಟ್ರಗಳ ಸಂಸ್ಕೃತಿ ಸಭೆಯು ಕೂಡಿದಾಗ, ನಾಲ್ಕುನೂರೈವತ್ತಕ್ಕೂ ಮಿಕ್ಕ ಲಂಬಾಣಿ ಕುಶಲಿಗಳು ಮಾಡಿದ ೧೭೫೫ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ಇದು ಸಂತೋಷದ ಸಂಗತಿ. ಆದರೆ ದಾಖಲೆಯಲ್ಲಿ ವಸ್ತುಗಳ ಸಂಖ್ಯೆಯುಂಟು. ಮಾಡಿದ ಕೈಗಳಿಗೆ ಒಂದೊಂದಕ್ಕೂ ಹೆಸರಿಲ್ಲ. ಹಂಪೆಯ ಕಂಬಗಳನ್ನು ಕಡೆದವರ ಹೆಸರುಗಳಂತೆಯೇ ಇವೂ ಅಳಿಯಬೇಕೆ? ಮುಂದಿನ ಶತಮಾನದ ಇತಿಹಾಸಕಾರನಿಗೆ ಈ ಚೂರನ್ನಾದರೂ ನಾವು ಅದರ ಸ್ಥಳದೊಡನೆ, ಹೆಸರಿನೊಡನೆ ಬಿಟ್ಟುಹೋಗಬೇಡವೆ?

ಒಡೆಯುವುದು ಸುಲಭ. ೨೦೧೯ರಲ್ಲಿ ಕೆಲವು ತರುಣರು ಹಂಪೆಯ ವಿಷ್ಣುದೇಗುಲವೊಂದರ ಬಳಿಯ ಕಂಬಗಳನ್ನು ಆಟಕ್ಕೆಂಬಂತೆ ಉರುಳಿಸಿದರು. ನ್ಯಾಯಾಲಯವು ಅವರಿಗೆ ದಂಡವನ್ನು ವಿಧಿಸಿದುದಲ್ಲದೆ, ಬಿದ್ದ ಕಂಬವನ್ನು ಎತ್ತಿ ನಿಲ್ಲಿಸುವ ಕೆಲಸಕ್ಕೆ ಅವರನ್ನೇ ಹಚ್ಚಿತು. ಅದಕ್ಕಿಂತ ಉಚಿತವಾದ ಶಿಕ್ಷೆಯು ನನಗೆ ತೋರದು. ಉರುಳಿಸಲು ಒಂದು ನೂಕು ಸಾಕಾಯಿತು. ನಿಲ್ಲಿಸಲು ಎಷ್ಟು ಹೆಗಲು ಬೇಕೆಂಬುದು ಅವರಿಗೆ ಆ ದಿನ ತಿಳಿದಿರಬೇಕು. ೨೦೨೪ರ ಮೇ ತಿಂಗಳ ಮಳೆಗೆ ವಿರೂಪಾಕ್ಷನ ಬೀದಿಯ ಸಾಲುಮಂಟಪದ ಒಂದು ಭಾಗವು ಕುಸಿಯಿತು. ಅಲ್ಲಿ ನೂಕಿದ ಕೈಯಿರಲಿಲ್ಲ. ಕಾಲವೂ ನೀರೂ ಸಾಕಾದುವು.

ಹಾಗಾದರೆ ನಾವು ಮಾಡತಕ್ಕದ್ದೇನು? ನಮ್ಮ ಸಂಘದಂಥ ಸಣ್ಣ ಸಂಘಗಳಿಗೆ ಸಾಧ್ಯವಾದುದನ್ನೇ ಹೇಳುವೆನು. ಹಂಪೆಯಲ್ಲಿ ಚಿತ್ರಕಾರರ, ಕವಿಗಳ ಶಿಬಿರಗಳು ನಡೆಯುವಾಗ ದೂರದೂರಿನವರನ್ನು ಕರೆಯುವಂತೆ ತಾಂಡಾದ ಒಬ್ಬ ಮುದುಕಿಯನ್ನೂ, ಕೌದಿ ಹೊಲಿಯುವ ಒಬ್ಬ ತಾಯಿಯನ್ನೂ, ಗಾರೆಯ ಕೆಲಸದ ಒಬ್ಬ ಮೇಸ್ತ್ರಿಯನ್ನೂ ಕರೆದು ಗುರುಪೀಠದಲ್ಲಿ ಕೂರಿಸಬೇಕು. ಮಕ್ಕಳನ್ನು ಹಂಪೆಗೆ ಕರೆದೊಯ್ಯುವ ಗುರುಗಳು ಅರ್ಧ ದಿನದಲ್ಲಿ ಹತ್ತು ಗುಡಿಗಳನ್ನು ತೋರಿಸುವುದಕ್ಕಿಂತ ಒಂದೇ ಮಂಟಪದ ಒಂದೇ ಕಂಬದ ಮುಂದೆ ಒಂದು ಗಂಟೆ ಕೂರಿಸಿ ಬರೆಯಿಸಬೇಕು. ಮನೆಯಲ್ಲಿ ಹಳೆಯ ಕೌದಿಯಿದ್ದರೆ ಹಿರಿಯರನ್ನು ಕೂರಿಸಿಕೊಂಡು ಯಾವ ಚೂರು ಯಾರದೆಂದು ಕೇಳಿ ಬರೆದಿಡಬೇಕು. ಇದಕ್ಕೆ ಹಣ ಬೇಡ, ಅಪ್ಪಣೆ ಬೇಡ. ಒಂದು ಮಧ್ಯಾಹ್ನದ ಬಿಡುವು ಬೇಕು. ಏಕಾಂತವಾಸವೆಂದರೂ ಮೂಲತಃ ಅಷ್ಟೆ: ಕದಲದೆ ಕೂರುವುದಕ್ಕೆ ಒಂದಿಷ್ಟು ಹೊತ್ತು.

ಇನ್ನು, ಹಂಪೆಯ ಹೊಲದಲ್ಲಿ ಮಳೆಯ ಬಳಿಕ ನೀಲಿಯ ಚೂರೊಂದು ಹೊಳೆದರೆ ವಾಚಕರು ಬಾಗಿ ನೋಡಲಿ, ಮಕ್ಕಳಿಗೂ ತೋರಿಸಲಿ. ಕೈಗೆತ್ತಿಕೊಳ್ಳದೆ, ಸ್ಥಳವನ್ನು ಗುರುತಿಟ್ಟುಕೊಂಡು, ತಿಳಿಸಬೇಕಾದವರಿಗೆ ತಿಳಿಸಲಿ. ನನ್ನ ಅವ್ವನು ತೀರಿಹೋಗಿ ಬಹಳ ವರ್ಷಗಳಾದುವು. ಅವಳ ಕಡೆಯ ಸೀರೆಯ ಒಂದು ಚೌಕವು ಈಗ ನಮ್ಮ ಮನೆಯ ಕೌದಿಯ ನಡುವೆ ಇದೆ. ಮೊಮ್ಮಕ್ಕಳು ಅದರ ಮೇಲೆ ಬೆರಳಿಟ್ಟು ಕೇಳಿದಾಗ ಉತ್ತರ ಹೇಳಲು, ದೇವರ ದಯದಿಂದ, ನನಗೆ ಸ್ಥಳವೂ ಗೊತ್ತು, ಹೆಸರೂ ಗೊತ್ತು.